ಅಪ್‌ಡೇಟ್: ಅತ್ತೆಯವರ ಫೋನಿನಲ್ಲಿ ಆ ಆ್ಯಪ್‌ನ ಹೆಸರು ಈಗ ಇಲ್ಲ

ಗರ್ಭ ಉಳಿಯದೆ ಹೋದ ದಿನಗಳಲ್ಲಿ ನಾನು ಒಂದು ಆ್ಯಪ್ ಕೊಂಡಿದ್ದೆ. ಒಬ್ಬರು ಕೊಂಡ ಆ್ಯಪ್ ಮನೆಯವರಿಗೂ ಸಿಗುವ ಐಫೋನಿನ ‘ಫ್ಯಾಮಿಲಿ ಶೇರಿಂಗ್’ ಗುಂಪಿನಲ್ಲಿರುವ ಅತ್ತೆ, ನಾದಿನಿಗೆ ಅದು ಕಾಣದಂತೆ ಮಾಡುವುದು ಹೇಗೆ ಎಂದು ಕೇಳಿದ್ದೆ. ದಾರಿ ತೋರಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಆ್ಯಪ್ ಸ್ಟೋರ್‌ನಲ್ಲಿ ನನ್ನ ಚಿತ್ರವನ್ನು ಒತ್ತಿ, ಕೊಂಡ ಆ್ಯಪ್‌ಗಳ ಪಟ್ಟಿಯಲ್ಲಿ ಆ ಹೆಸರನ್ನು ಎಡಕ್ಕೆ ಸರಿಸಿದೆ. ‘ಹೈಡ್’ ಎಂದು ಕೆಂಪಾಗಿ ಮೂಡಿತು. ಒತ್ತುವಾಗ ಬೆರಳು ನಡುಗಿತು, ಸುಳ್ಳು ಹೇಳುವುದಿಲ್ಲ. ಸಂಜೆ ಅತ್ತೆಯವರ ಫೋನಿಗೆ ಭಜನೆಯ ಆ್ಯಪ್ ಹಾಕಿಕೊಡುವಾಗ ನೋಡಿದೆ: ಇರಲಿಲ್ಲ.

ಇದೇ ಸ್ಥಿತಿಯಲ್ಲಿರುವವರು ಒಂದು ವಿಷಯ ಗಮನಿಸಬೇಕು. ಮರೆಮಾಡಿದ್ದು ಅಳಿಸಿದಂತಲ್ಲ. ನನ್ನ ಖಾತೆಯ ಖರೀದಿ ಇತಿಹಾಸದಲ್ಲಿ ಅದು ಹಾಗೆಯೇ ಇದೆ. ಹಂಚಿಕೊಂಡ ಕಾರ್ಡಿನಿಂದ ಹಣ ಕಡಿತವಾಗಿದ್ದರೆ ಗುಂಪಿನ ಮುಖ್ಯಸ್ಥರ ಇಮೇಲ್‌ಗೂ ರಸೀದಿ ಹೋಗಿರುತ್ತದೆ. ನಮ್ಮಲ್ಲಿ ಮುಖ್ಯಸ್ಥರು ನನ್ನ ಗಂಡ. ಆ ದಿನಗಳಲ್ಲಿ ಜೊತೆಗೇ ಇದ್ದವರು, ಅವರಿಂದ ಮುಚ್ಚಿಡುವಂಥದ್ದೇನಿಲ್ಲ.

ಖರೀದಿ ಹಂಚಿಕೆಯನ್ನು ನನ್ನ ಮಟ್ಟಿಗೆ ನಿಲ್ಲಿಸಿದ್ದೇನೆ. ಅತ್ತೆಯವರಿಗೆ ಹೇಳುವ ದಿನ ಬಂದರೆ ನಾನೇ ಪಕ್ಕದಲ್ಲಿ ಕುಳಿತು ಹೇಳುತ್ತೇನೆ.