ಸುಗಂಧರಾಜ 4 ವರ್ಷದ ಮಡಿ: ಎಲೆ ದಟ್ಟ, ಹೂ ಇಲ್ಲ

ಪ್ರಶ್ನೆ – ಧಾರವಾಡ, ಜನವರಿ
ಬಾವಿಕಟ್ಟೆಯ ಪಕ್ಕ 4 ವರ್ಷದ ಹಿಂದೆ 20 ಸುಗಂಧರಾಜ ಗಡ್ಡೆ ನೆಟ್ಟಿದ್ದೆ. ಮೊದಲೆರಡು ವರ್ಷ ಸಂಜೆಯಾದರೆ ಪಡಸಾಲೆಯವರೆಗೂ ಪರಿಮಳ ಬರುತ್ತಿತ್ತು. ಆಚೆ ವರ್ಷ ಬಂದದ್ದು ಮೂರೇ ಕಡ್ಡಿ, ಹೋದ ವರ್ಷ ಒಂದೂ ಇಲ್ಲ. ಎಲೆ ಮಾತ್ರ ಬೆರಳು ತೂರದಷ್ಟು ದಟ್ಟವಾಗಿದೆ. ಎರೆ ಮಣ್ಣು. ತಿಂಗಳಿಗೊಮ್ಮೆ ಯೂರಿಯಾ ಕೊಡುತ್ತಿದ್ದೇನೆ. ಅತ್ತೆಯವರ ಪೂಜೆಗೆ ಮನೆಯ ಹೂವೇ ಆಗಬೇಕು, ದಯವಿಟ್ಟು ದಾರಿ ಹೇಳಿ.

ಉತ್ತರ – ಗದಗ
ಅಕ್ಕ, ಮೊದಲು ಯೂರಿಯಾ ನಿಲ್ಲಿಸಿ. ಅದು ಎಲೆಯನ್ನಷ್ಟೇ ಬೆಳೆಸುತ್ತಿದೆ. ಆದರೆ ಮೂಲ ತೊಂದರೆ ಮಣ್ಣಿನೊಳಗಿದೆ. ಒಮ್ಮೆ ಹೂ ಕೊಟ್ಟ ಗಡ್ಡೆ ಮತ್ತೆ ಹೂ ಕೊಡುವುದಿಲ್ಲ, ಸುತ್ತ ಮರಿಗಳನ್ನು ಬಿಟ್ಟು ಒಣಗುತ್ತದೆ. ಆ ಮರಿಗಳೆಲ್ಲ ಅಂಗೈಯಗಲದ ಜಾಗದಲ್ಲಿ ಕಿತ್ತಾಡಿದರೆ ಯಾವುದೂ ಹೂ ಬಿಡುವಷ್ಟು ದಪ್ಪವಾಗುವುದಿಲ್ಲ.

ಈಗಿನಿಂದಲೇ ನೀರು ನಿಲ್ಲಿಸಿ. ಎಲೆ ಹಳದಿಗೆ ತಿರುಗಿದ ಮೇಲೆ ಬುಡದಿಂದ ಒಂದು ಗೇಣು ದೂರ ಸಲಿಕೆ ಹಾಕಿ ಇಡೀ ಹಿಂಡನ್ನು ಎತ್ತಿ. ಎಲೆ ಹಿಡಿದು ಜಗ್ಗಬೇಡಿ, ಗಡ್ಡೆ ಒಳಗೇ ಉಳಿಯುತ್ತದೆ. ಮಣ್ಣು ಉದುರಿಸಿ, ಬೆಳ್ಳುಳ್ಳಿ ಎಸಳು ಬಿಡಿಸಿದ ಹಾಗೆ ಬೇರ್ಪಡಿಸಿ. ಅಡಿಕೆಯಷ್ಟು ದಪ್ಪ, ಅಂದರೆ 2ರಿಂದ 3 ಸೆಂ.ಮೀ. ಇರುವ ಗಟ್ಟಿ ಗಡ್ಡೆಗಳನ್ನು ಆರಿಸಿ. ಸಣ್ಣವನ್ನು ಎಸೆಯಬೇಡಿ, ಬೇರೆ ಮಡಿಯಲ್ಲಿ ಒಂದು ವರ್ಷ ಬೆಳೆಸಿ. ನೆರಳಿನಲ್ಲಿ ಹರಡಿ ಒಂದು ತಿಂಗಳು ಒಣಗಲು ಬಿಡಿ.

ಯುಗಾದಿಯ ಹೊತ್ತಿಗೆ ನೆಟ್ಟರೆ ಶ್ರಾವಣಕ್ಕೆ ಹೂ ನಿರೀಕ್ಷಿಸಬಹುದು. ಎರೆಯಲ್ಲಿ ನೀರು ನಿಂತು ಗಡ್ಡೆ ಕೊಳೆಯುತ್ತದೆ, ಆದ್ದರಿಂದ ಮರಳು, ತಿಪ್ಪೆಗೊಬ್ಬರ ಬೆರೆಸಿ ಮಡಿ ಏರಿಸಿ. ಅಂತರ 20ರಿಂದ 30 ಸೆಂ.ಮೀ., ಆಳ 5 ಸೆಂ.ಮೀ. ಸಾಕು. ದಿನವಿಡೀ ಬಿಸಿಲು ಬೀಳುವ ಜಾಗವೇ ಬೇಕು.

ಉತ್ತರ – ಹಾವೇರಿ
ಕಿತ್ತಾಗ ಬೇರುಗಳನ್ನೂ ನೋಡಿ, ಅಕ್ಕ. ಸಾಸಿವೆ, ಜೋಳದ ಕಾಳಿನಂತೆ ಗಂಟುಗಳಿದ್ದರೆ ಅದು ಬೇರಿಗೆ ಹತ್ತುವ ಜಂತುಹುಳುವಿನ (ನೆಮಟೋಡ್) ಬಾಧೆ. ಆಗ ಅದೇ ಮಡಿಯಲ್ಲಿ ಮತ್ತೆ ನೆಡಬೇಡಿ. ಅಲ್ಲಿ ಮಳೆಗಾಲಕ್ಕೆ ಚೆಂಡು ಹೂ ಹಾಕಿ, ಬದನೆ, ಟೊಮೆಟೊ ಬೇಡ. ಹೊಸ ಮಡಿಗೆ ಬೇವಿನ ಹಿಂಡಿ ಬೆರೆಸಿ. ನಾನು ಇದನ್ನು ಗಮನಿಸದೆ ಎರಡು ವರ್ಷ ಕಳೆದುಕೊಂಡೆ.

ಪ್ರಶ್ನೆ ಕೇಳಿದವರು – ಫೆಬ್ರುವರಿ
ಇಬ್ಬರಿಗೂ ಧನ್ಯವಾದ. ಇಂದು ಒಂದು ಹಿಂಡನ್ನು ಎತ್ತಿದೆ. ಒಂದೇ ಬುಡದಲ್ಲಿ 41 ಗಡ್ಡೆ! ನಡುವೆ ಹಳೆಯ ಕಡ್ಡಿಯ ಮೋಟು ಹೊತ್ತ ಕಂದು ಬಣ್ಣದ ತಾಯಿಗಡ್ಡೆ, ಒತ್ತಿದರೆ ಪುಡಿಯಾಗುತ್ತದೆ. ಅಡಿಕೆ ಗಾತ್ರದವು 7 ಮಾತ್ರ. ಬೇರುಗಳಲ್ಲಿ ಗಂಟಿಲ್ಲ. ಆದರೆ ಪಕ್ಕದ ಪೇರಲ ಗಿಡ ಈ 4 ವರ್ಷದಲ್ಲಿ ಬೆಳೆದು ಮಧ್ಯಾಹ್ನದ ಬಿಸಿಲನ್ನೆಲ್ಲ ತಡೆಯುತ್ತಿದೆ ಎಂಬುದು ಇವತ್ತು ಕಂಡಿತು. ಹೊಸ ಮಡಿಯನ್ನು ಅಂಗಳದ ಮುಂದೆ ಮಾಡುತ್ತೇನೆ. ಗಡ್ಡೆಗಳು ಈಗ ಜಗಲಿಯ ಮೂಲೆಯಲ್ಲಿ, ಗೋಣಿಚೀಲದ ಮೇಲೆ ಒಣಗುತ್ತಿವೆ.