ರೋಮನ್ನರ ‘ವಿರ್ತುಸ್’: ಪ್ರದರ್ಶನದ ಫಲಕಕ್ಕೆ ಏನು ಹಾಕುವುದು?

ಕುಡ್ಲದ ಓದುಗ: ಉಡುಪಿಯ ಕಾಲೇಜೊಂದರ ಇತಿಹಾಸ ಪ್ರದರ್ಶನಕ್ಕೆ ವಿರ್ತುಸ್ ಬಗ್ಗೆ ಒಂದು ಫಲಕ ಆಗಬೇಕು. ಮಕ್ಕಳು ‘ಯುದ್ಧದಲ್ಲಿ ತೋರುವ ಗಂಡೆದೆ’ ಎಂದಷ್ಟೇ ಬರೆದಿದ್ದಾರೆ. ಅಷ್ಟು ಸಾಕಾ? ಚಿತ್ರ ಯಾವುದು ಹಾಕುವುದು? ನಮ್ಮಲ್ಲಿ ಕೋಟಿ ಚೆನ್ನಯರಿಗೆ ಗರಡಿ ಇರುವ ಹಾಗೆ ಅಲ್ಲಿಯೂ ವೀರರಿಗೆ ಗುಡಿ ಇತ್ತಾ?

ಶಾಂಭವಿ ತೀರ: ಸಾಲದು ಸರ್. ಅಪ್ಪಣೆ ಮೀರಿದ ಎದೆಗಾರಿಕೆಗೆ ರೋಮಿನಲ್ಲಿ ಶಿಕ್ಷೆಯೇ ಗತಿ. ರೋಮಿನ ಇತಿಹಾಸಕಾರ ಲಿವಿ ಬರೆದಂತೆ, ಕ್ರಿ.ಪೂ. 340ರಲ್ಲಿ ನೆರೆಯ ಲ್ಯಾಟಿನರ ಮೇಲಿನ ಯುದ್ಧದಲ್ಲಿ ಕಾನ್ಸಲ್ (ಸೈನ್ಯ ನಡೆಸುವ ಅತ್ಯುನ್ನತ ಅಧಿಕಾರಿ) ಮ್ಯಾನ್ಲಿಯಸ್ ಟೊರ್ಕ್ವಾಟಸ್‌ನ ಮಗ ಆಜ್ಞೆ ಮುರಿದು ಒಂಟಿ ಕಾಳಗಕ್ಕಿಳಿದು ಗೆದ್ದ. ಸತ್ತವನ ಕವಚ ಕಳಚಿ ತಂದು ತಂದೆಯ ಮುಂದಿಟ್ಟ. ತಂದೆ ಇಡೀ ಸೈನ್ಯವನ್ನು ಸೇರಿಸಿ, ಅದರೆದುರೇ ಮಗನ ತಲೆ ತೆಗೆಸಿದ. ಆ ತಂದೆಯೂ ಪ್ರಾಯದಲ್ಲಿ ಗಾಲ್ ಜನಾಂಗದ ಒಬ್ಬನನ್ನು ಒಂಟಿ ಕಾಳಗದಲ್ಲೇ ಕೊಂದವನು, ಆದರೆ ಸೇನಾಪತಿಯ ಅನುಮತಿ ಕೇಳಿಯೇ ಹೋಗಿದ್ದ. ಈ ಇಬ್ಬರನ್ನು ಅಕ್ಕಪಕ್ಕ ಇಟ್ಟರೆ ಉದ್ದದ ವಿವರಣೆಯೇ ಬೇಡ.

ಹಳೆ ನಾಣ್ಯ: ಗುಡಿ ಇತ್ತು ಮಾರಾಯ್ರೆ, ಆದರೆ ವೀರನಿಗಲ್ಲ, ಆ ಗುಣಕ್ಕೇ. ಕ್ರಿ.ಪೂ. 222ರ ಕ್ಲಾಸ್ಟಿಡಿಯಂ ಯುದ್ಧದಲ್ಲಿ ರೋಮನ್ ಸೇನಾಪತಿ ಮಾರ್ಸೆಲಸ್ ಗುಡಿ ಕಟ್ಟಿಸುವ ಹರಕೆ ಹೊತ್ತಿದ್ದ. ಗೌರವದ ದೇವರು ಹೊನೋಸ್ ಮತ್ತು ವಿರ್ತುಸ್ ಇಬ್ಬರನ್ನೂ ಒಂದೇ ಗರ್ಭಗುಡಿಯಲ್ಲಿ ಕೂರಿಸಲು ಹೊರಟಾಗ ಪುರೋಹಿತರು ಒಪ್ಪಲಿಲ್ಲ: ಸಿಡಿಲು ಬಡಿದರೆ ಪ್ರಾಯಶ್ಚಿತ್ತ ಯಾವ ದೇವರಿಗೆ ಮಾಡುವುದು? ಕಡೆಗೆ ವಿರ್ತುಸ್‌ಗೆ ಪ್ರತ್ಯೇಕ ಗುಡಿಯೇ ಬೇಕಾಯಿತು. ಅಷ್ಟರಲ್ಲಿ, ಕ್ರಿ.ಪೂ. 208ರಲ್ಲಿ, ಮಾರ್ಸೆಲಸ್ ಯುದ್ಧದಲ್ಲೇ ಮಡಿದ. ಪ್ರತಿಷ್ಠೆ ಮಾಡಿಸಿದ್ದು ಮಗ.

ಚಿತ್ರಕ್ಕೆ ನಾಣ್ಯವೇ ಒಳ್ಳೆಯದು. ಗಂಡಸುತನದ ಈ ಗುಣಕ್ಕೆ ರೋಮನ್ನರು ಕೊಟ್ಟ ರೂಪ ಹೆಚ್ಚಾಗಿ ಹೆಣ್ಣಿನದು: ಶಿರಸ್ತ್ರಾಣ, ಗಿಡ್ಡ ಉಡುಪು, ಕೈಯಲ್ಲಿ ಈಟಿ. ರೋಮ್ ನಗರದ ದೇವತೆ ರೋಮಾಳದೂ ಬಹುತೇಕ ಇದೇ ವೇಷ, ತಪ್ಪು ಚಿತ್ರ ಇಳಿಸಿಕೊಳ್ಳುವುದು ಸುಲಭ. ನಾಣ್ಯದ ಅಂಚಿನ ಅಕ್ಷರ ಓದಿಯೇ ಆರಿಸಿ. ಅಲ್ಲಿ ‘ಯು’ (U) ಇರುವುದಿಲ್ಲ, ಅದರ ಜಾಗದಲ್ಲಿ ‘ವಿ’ (V) ಕೆತ್ತಿರುತ್ತಾರೆ: VIRTVS.

ಕುಡ್ಲದ ಓದುಗ: ತುಂಬಾ ಉಪಕಾರ. ಹಾಗಾದರೆ ಇಂಥವನಲ್ಲಿ ವಿರ್ತುಸ್ ಇದೆ ಎಂದು ತೀರ್ಮಾನಿಸುತ್ತಿದ್ದದ್ದು ಯಾರು?

ಶಾಂಭವಿ ತೀರ: ಕಂಡವರು. ಕಣ್ಣಾರೆ ಕಂಡ ಸಾಕ್ಷಿ ಇಲ್ಲದ ಶೌರ್ಯ ಲೆಕ್ಕಕ್ಕಿಲ್ಲ. ಓಕ್ ಎಲೆಯ ‘ನಾಗರಿಕ ಕಿರೀಟ’ದ ನಿಯಮ ನೋಡಿ: ರೋಮನ್ ಪ್ರಜೆಯೊಬ್ಬನ ಪ್ರಾಣ ಉಳಿಸಬೇಕು, ಶತ್ರುವನ್ನು ಕೊಲ್ಲಬೇಕು, ಆ ದಿನ ಆ ಜಾಗ ಶತ್ರುವಿನ ಕೈಸೇರಬಾರದು. ಉಳಿಸಿದ್ದು ಮಿತ್ರಪಕ್ಷದ ರಾಜನನ್ನೇ ಆದರೂ ಈ ಕಿರೀಟ ಸಿಗದು. ಇವನೇ ನನ್ನನ್ನು ಉಳಿಸಿದ್ದು ಎಂದು ಬದುಕಿದವನೇ ಒಪ್ಪಬೇಕು, ಬೇರೆಯವರ ಮಾತು ನಡೆಯದು. ಸಿಕ್ಕಿದ ಮೇಲೆ ಮಾತ್ರ ಮರ್ಯಾದೆ ದೊಡ್ಡದು: ಅವನು ಕ್ರೀಡೋತ್ಸವಕ್ಕೆ ಕಾಲಿಟ್ಟರೆ ಸೆನೆಟ್ ಸದಸ್ಯರೂ ಎದ್ದು ನಿಲ್ಲುತ್ತಿದ್ದರು.