ಮುಂದೆ ಒಂದು ಹಲ್ಲು ಕಡಿಮೆಯೋ, ಹಿಂದೆ ಮೂರು ಹಲ್ಲು ಹೆಚ್ಚೋ?

ಕಲ್ಲುಹಾದಿ:
ನನ್ನ ಬಳಿ ಇರುವುದು ಸುಜುಕಿ ಡಿಆರ್-ಝಡ್ 400ಎಸ್ ಬೈಕ್. ಮುಂದೆ 15, ಹಿಂದೆ 44 ಹಲ್ಲುಗಳ ಮೂಲ ಸ್ಪ್ರಾಕೆಟ್‌ಗಳನ್ನು (ಚೈನ್ ಸುತ್ತುವ ಹಲ್ಲುಗಾಲಿಗಳನ್ನು) ಈವರೆಗೆ ಬದಲಿಸಿಲ್ಲ. ಡಾಂಬರು ರಸ್ತೆಯಲ್ಲಿ ಈ ಜೋಡಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಸಡಿಲ ಕಲ್ಲುಗಳ ಕಡಿದಾದ ಏರಿನಲ್ಲಿ ನಡಿಗೆಯ ವೇಗಕ್ಕೆ ಇಳಿದ ಕೂಡಲೇ ಮೊದಲನೆಯ ಗೇರ್ ಕೂಡ ಜೋರೆನಿಸುತ್ತದೆ; ಕ್ಲಚ್ಚನ್ನು ಅರ್ಧ ಹಿಡಿದುಕೊಂಡೇ ಹತ್ತಬೇಕಾಗುತ್ತದೆ, ಏರು ಮುಗಿಯುವಷ್ಟರಲ್ಲಿ ಕ್ಲಚ್ ಕಾದು ಲಿವರ್ ಕಚ್ಚುವ ಜಾಗವೇ ಸರಿದಿರುತ್ತದೆ. ಮುಂದಿನದನ್ನು 14ಕ್ಕೆ ಇಳಿಸುವುದು ಒಳ್ಳೆಯದೋ, ಹಿಂದಿನದನ್ನು 47ಕ್ಕೆ ಏರಿಸುವುದು ಒಳ್ಳೆಯದೋ? ನನ್ನ ಸವಾರಿಯ ಅರ್ಧದಷ್ಟು ಹೆದ್ದಾರಿಯಲ್ಲೇ ಕಳೆಯುತ್ತದೆ ಎಂಬುದನ್ನೂ ಗಮನದಲ್ಲಿಡಿ.

ಲೆಕ್ಕಿಗ:
ಎಳೆತದ ಮಟ್ಟಿಗೆ ಎರಡೂ ಒಂದೇ. ಹಿಂದಿನ ಹಲ್ಲುಗಳನ್ನು ಮುಂದಿನವುಗಳಿಂದ ಭಾಗಿಸಿದರೆ ಈಗಿನ ಅನುಪಾತ 2.93, 14/44 (ಮುಂದೆ 14, ಹಿಂದೆ 44) ಎಂದರೆ 3.14, 15/47 ಎಂದರೆ 3.13. ಎರಡು ದಾರಿಯಲ್ಲೂ ಹಿಂಚಕ್ರಕ್ಕೆ ಸುಮಾರು 7 ಶೇಕಡಾ ಹೆಚ್ಚು ಎಳೆತ ಸಿಗುತ್ತದೆ, ಅಷ್ಟೇ ಪ್ರಮಾಣದಲ್ಲಿ ವೇಗ ಬಿಟ್ಟುಕೊಡಬೇಕಾಗುತ್ತದೆ. ಹೆದ್ದಾರಿಯಲ್ಲಿ ಇಂದು 5,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತುಗಳು) ಹೋಗುವ ವೇಗಕ್ಕೆ ನಾಳೆ ಸುಮಾರು 5,350 ಬೇಕಾಗುತ್ತದೆ. ಸವಾರನ ಕೈಗೆ ತಿಳಿಯದ ಈ ಎರಡರ ವ್ಯತ್ಯಾಸ ಚೈನಿಗೆ ಮಾತ್ರ ತಿಳಿಯುತ್ತದೆ.

ದೂರಪಯಣಿ:
ಹಾಗಿದ್ದರೆ 14ನ್ನೇ ಹಾಕಿಕೊಳ್ಳಿ. ಮುಂದಿನ ಸ್ಪ್ರಾಕೆಟ್ ಅಂಗೈಯಲ್ಲಿ ಹಿಡಿಸುವ ಸಣ್ಣ ಬಿಡಿಭಾಗ, ಹಿಂಚಕ್ರವನ್ನು ಪೂರ್ತಿ ಕಳಚದೆಯೇ ಬದಲಿಸಬಹುದು. ಅದನ್ನು ಒಂದು ಹಲ್ಲು ಇಳಿಸಿದರೆ ಆಕ್ಸಲ್ (ಹಿಂಚಕ್ರದ ಅಚ್ಚು) ಹಿಂದಕ್ಕೆ ಸರಿಯಬೇಕಾದದ್ದು ಸುಮಾರು 4 ಮಿಲಿಮೀಟರ್ ಮಾತ್ರ, ಆದ್ದರಿಂದ ಇರುವ ಚೈನೇ ಸಾಕಾಗುತ್ತದೆ. ಹಿಂದೆ ಮೂರು ಹಲ್ಲು ಏರಿಸಿದರೆ ಅದೇ ಆಕ್ಸಲ್ 12 ಮಿಲಿಮೀಟರ್ ಮುಂದಕ್ಕೆ ಬರಬೇಕು. ಚೈನ್ ಹೊಸದಾಗಿ ಆಕ್ಸಲ್ ಈಗಾಗಲೇ ಮುಂದಿನ ಗುರುತುಗಳ ಹತ್ತಿರವಿದ್ದರೆ ಅಷ್ಟು ಜಾಗವೇ ಇರುವುದಿಲ್ಲ, ಉದ್ದದ ಚೈನ್ ಕೊಳ್ಳಬೇಕಾಗುತ್ತದೆ. ನಾನು ಹಲವು ವರ್ಷಗಳಿಂದ ಎರಡು ಮುಂದಿನ ಸ್ಪ್ರಾಕೆಟ್‌ಗಳನ್ನು ಇಟ್ಟುಕೊಂಡಿದ್ದೇನೆ. ದೂರದ ರಸ್ತೆ ಪಯಣಕ್ಕೆ 15, ಕಾಡಿನ ವಾರಾಂತ್ಯಕ್ಕೆ 14. ಬದಲಿಸಲು ಒಂದು ಗಂಟೆಯೂ ಬೇಕಾಗಿಲ್ಲ.

ಹಳೆಯ ಚೈನ್:
ನಾನು ಇದನ್ನು ಒಪ್ಪುವುದಿಲ್ಲ. ಕೆಲಸ ಸುಲಭ ಎಂಬುದು ನಿಜ, ಆದರೆ ಸುಲಭದ ಬೆಲೆಯನ್ನು ಚೈನ್ ತೆರುತ್ತದೆ. 15 ಹಲ್ಲಿನ ಸ್ಪ್ರಾಕೆಟ್ಟನ್ನು ಸುತ್ತುವಾಗ ಪ್ರತಿ ಕೊಂಡಿಯೂ 24 ಡಿಗ್ರಿ ಮಡಚಿಕೊಳ್ಳುತ್ತದೆ, 14ಕ್ಕೆ ಅದು 25.7 ಡಿಗ್ರಿ, 13ಕ್ಕೆ 27.7 ಡಿಗ್ರಿ. ಕೊಂಡಿಗಳ ಕೀಲಿನೊಳಗಿನ ಪಿನ್ನೂ ಬುಷ್ಷೂ ಉಜ್ಜಿ ಸವೆಯುವುದು ಈ ಮಡಚುವಿಕೆಯಿಂದಲೇ. ಅದಲ್ಲದೆ ಮುಂದಿನ ಸ್ಪ್ರಾಕೆಟ್ ಚಿಕ್ಕದಾದಷ್ಟೂ ಎಂಜಿನ್ನಿನ ಅದೇ ಬಲಕ್ಕೆ ಚೈನಿನ ಮೇಲೆ ಬೀಳುವ ಸೆಳೆತ ಹೆಚ್ಚುತ್ತದೆ, 15ರಿಂದ 14ಕ್ಕೆ ಬಂದರೆ 7 ಶೇಕಡಾ. ಹಿಂದಿನದನ್ನು ದೊಡ್ಡದು ಮಾಡಿದರೆ ಎಳೆತ ಹೆಚ್ಚುತ್ತದೆ, ಚೈನಿನ ಸೆಳೆತ ಮಾತ್ರ ಇದ್ದಷ್ಟೇ ಇರುತ್ತದೆ.

ಇನ್ನೊಂದು ಮಾತನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. 520 ಅಳತೆಯ ಚೈನಿನಲ್ಲಿ ಮುಂದೆ ಒಂದೊಂದು ಹಲ್ಲು ಕಳೆದಾಗಲೂ ಸ್ಪ್ರಾಕೆಟ್ಟಿನ ವ್ಯಾಸ 5 ಮಿಲಿಮೀಟರ್ ಕುಗ್ಗುತ್ತದೆ, ಚೈನ್ ಸ್ವಿಂಗ್‌ಆರ್ಮಿನ (ಹಿಂಚಕ್ರವನ್ನು ಹಿಡಿದಿರುವ ತೋಳಿನ) ಕಡೆಗೆ 2.5 ಮಿಲಿಮೀಟರ್ ಸರಿಯುತ್ತದೆ. ಹಿಂದೊಮ್ಮೆ ನಾನು ಬೇರೊಂದು ಗಾಡಿಗೆ 13 ಹಾಕಿ, ಆ ಎಳೆತದ ಖುಷಿಯಲ್ಲಿ ಸ್ವಿಂಗ್‌ಆರ್ಮಿನ ರಬ್ಬರ್ ಪಟ್ಟಿಯನ್ನು ನೋಡುವುದನ್ನೇ ಮರೆತೆ. ಒಂದು ಮಳೆಗಾಲದ ಕೆಸರು ಸವಾರಿಗಳು ಮುಗಿಯುವಷ್ಟರಲ್ಲಿ ಚೈನ್ ಪಟ್ಟಿಯನ್ನು ಸೀಳಿ ಅಲ್ಯೂಮಿನಿಯಮ್ಮಿನಲ್ಲಿ ಕಾಲುವೆ ಕೊರೆದಿತ್ತು. ಆ ಗೀರನ್ನು ಕಂಡ ದಿನದ ಸಂಕಟ ನನಗೆ ಇಂದಿಗೂ ನೆನಪಿದೆ.

ದೂರಪಯಣಿ:
13ರ ತಪ್ಪನ್ನು 14ರ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಂದು ಹಲ್ಲಿನ ಇಳಿಕೆಯಿಂದ ಆಗುವ ಸವೆತ ಕೆಸರು, ಒಣಗಿದ ಎಣ್ಣೆ ಮತ್ತು ಬಿಗಿಯಾಗಿ ಕಟ್ಟಿದ ಚೈನ್ ತರುವ ಸವೆತದ ಮುಂದೆ ತೀರಾ ಚಿಕ್ಕದು. ಹಿಂದಿನ ದೊಡ್ಡ ಸ್ಪ್ರಾಕೆಟ್ಟಿಗೂ ಅದರದ್ದೇ ತೊಂದರೆಯಿದೆ: 47 ಹಲ್ಲಿನದು 44ರದ್ದಕ್ಕಿಂತ ಸುಮಾರು 7.5 ಮಿಲಿಮೀಟರ್ ಕೆಳಗೆ ಇಳಿಯುತ್ತದೆ, ಕಲ್ಲಿಗೆ ಅಷ್ಟು ಹತ್ತಿರವಾಗುತ್ತದೆ. ಕೇಳಿದವರು ಹೋಗುತ್ತಿರುವುದು ಕಲ್ಲಿನ ಹಾದಿಗೇ ಅಲ್ಲವೇ?

ಲೆಕ್ಕಿಗ:
14ರ ವಿಷಯದಲ್ಲಿ ಯಾರೂ ಎತ್ತದ ಒಂದು ಸೂಕ್ಷ್ಮವಿದೆ. ಚೈನಿನಲ್ಲಿ 112 ಕೊಂಡಿಗಳಿದ್ದರೆ ಅದು 14ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆಗ ಪ್ರತಿ ಸುತ್ತಿನಲ್ಲೂ ಅದೇ ಕೊಂಡಿ ಅದೇ ಹಲ್ಲಿನ ಮೇಲೆ ಕೂರುತ್ತದೆ, ಒಂದು ಹಲ್ಲಿನ ದೋಷ ಅದೇ ಕೆಲವು ಕೊಂಡಿಗಳನ್ನು ಮತ್ತೆ ಮತ್ತೆ ತಿನ್ನುತ್ತದೆ. 15 ಅಥವಾ 13ರಲ್ಲಿ ಸವೆತ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಶುಚಿಯಾಗಿಟ್ಟ ಚೈನಿಗೆ ಇದು ದೊಡ್ಡ ವಿಷಯವಲ್ಲ, 14ನ್ನು ಬಿಡಲು ಇದೊಂದೇ ಕಾರಣ ಸಾಲದು ಎಂದೇ ನನ್ನ ಅಭಿಪ್ರಾಯ.

ಐದನೇಗೇರ್:
ನೀವೆಲ್ಲರೂ ಯಾವ ಸ್ಪ್ರಾಕೆಟ್ ಎಂದು ವಾದಿಸುತ್ತಿದ್ದೀರಿ. ಸ್ಪ್ರಾಕೆಟ್ ಏನನ್ನು ಮಾಡಲಾರದು ಎಂಬುದನ್ನೂ ಹೇಳಬೇಕಾಗಿತ್ತು. ಸ್ಪ್ರಾಕೆಟ್ ಬದಲಿಸಿದಾಗ ಐದೂ ಗೇರ್‌ಗಳು ಒಟ್ಟಿಗೆ ಒಂದೇ ಪ್ರಮಾಣದಲ್ಲಿ ಸರಿಯುತ್ತವೆಯೇ ಹೊರತು ಮೊದಲನೆಯದಕ್ಕೂ ಐದನೆಯದಕ್ಕೂ ನಡುವಿನ ಅಂತರ ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ. ಆ ಅಂತರ ಗೇರ್‌ಬಾಕ್ಸಿನೊಳಗಿನದು. ಆರನೆಯ ಗೇರ್ ಇಲ್ಲದ ಈ ಗಾಡಿಯಲ್ಲಿ ಏರಿಗೆ ಕೊಟ್ಟದ್ದನ್ನು ಹೆದ್ದಾರಿಯಿಂದ ಕಿತ್ತುಕೊಳ್ಳಲೇಬೇಕು. ಸಿಂಗಲ್ ಸಿಲಿಂಡರಿನ ನಡುಕ, ಪೆಟ್ರೋಲಿನ ಖರ್ಚು ಎರಡೂ ಆರ್‌ಪಿಎಂ ಜೊತೆಗೆ ಏರುತ್ತವೆ. ಮೂರು ತಾಸು ಹೆದ್ದಾರಿಯಲ್ಲಿ ಕೂತು ಕಾಡಿನ ಅಂಚು ಮುಟ್ಟುವವನಿಗೆ ಆ 350 ಆರ್‌ಪಿಎಂ ಸಣ್ಣದಲ್ಲ.

ಕಲ್ಲುಹಾದಿಯವರೇ, ಹಿಂದಿನ ಟೈರ್ ಯಾವ ಅಳತೆಯದು? ಮೂಲದಲ್ಲಿ ಬರುವುದು 120/90-18 (ಅಗಲ 120 ಮಿಲಿಮೀಟರ್, ಎತ್ತರ ಅಗಲದ 90 ಶೇಕಡಾ, ರಿಮ್ 18 ಇಂಚು). ಅದರ ಬದಲು 120/80-18 ಹಾಕಿದ್ದರೆ ವ್ಯಾಸ ಸುಮಾರು 3.5 ಶೇಕಡಾ ಕಡಿಮೆಯಾಗಿ, ಮುಂದಿನ ಅರ್ಧ ಹಲ್ಲು ಇಳಿಸಿದ ಪರಿಣಾಮ ನಿಮಗೆ ಈಗಾಗಲೇ ಸಿಕ್ಕಿರುತ್ತದೆ.

ಕಲ್ಲುಹಾದಿ:
ಟೈರ್ 120/90-18 ಅಳತೆಯದೇ, ಆದರೆ ಮೇಲ್ಮೈಯ ಉಬ್ಬುಗಳು ಸವೆದಿವೆ. ಮುಂದಿನ ಬಾರಿ 120/80 ಹಾಕಬೇಕೆಂದಿದ್ದೇನೆ. ಚೈನ್ ಕೂಡ ಬದಲಿಸುವ ಕಾಲ ಬಂದಿದೆ, ಹಿಂದಿನ ಹಲ್ಲುಗಳು ಒಂದು ಬದಿಗೆ ಕೊಕ್ಕೆಯಂತೆ ಬಾಗಿವೆ. ಸ್ಪೀಡೋಮೀಟರ್ ತಪ್ಪಾಗುತ್ತದೆಯೇ ಎಂಬ ಸಂದೇಹವೂ ಇದೆ.

ಲೆಕ್ಕಿಗ:
ನಿಮ್ಮ ಗಾಡಿಯಲ್ಲಿ ಸ್ಪೀಡೋಮೀಟರ್ ಮುಂಚಕ್ರದಿಂದ ಓಡುತ್ತದೆ, ಆದ್ದರಿಂದ ಏನೂ ಆಗುವುದಿಲ್ಲ. ಗೇರ್‌ಬಾಕ್ಸಿನ ಶಾಫ್ಟಿನಿಂದ ವೇಗವನ್ನು ಓದುವ ಗಾಡಿಗಳಲ್ಲಿ ಮಾತ್ರ ಅದು ಇರುವುದಕ್ಕಿಂತ ಹೆಚ್ಚು ತೋರಿಸತೊಡಗುತ್ತದೆ.

ಹಳೆಯ ಚೈನ್:
ಹಲ್ಲುಗಳು ಬಾಗಿದ್ದರೆ ಚರ್ಚೆಯ ದಿಕ್ಕೇ ಬದಲಾಯಿತು. ಹೇಗೂ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೆ ಬದಲಾಗಬೇಕು. ಹಿಗ್ಗಿದ ಚೈನಿಗೆ ಹೊಸ ಸ್ಪ್ರಾಕೆಟ್ ಜೋಡಿಸಿದರೆ ಹೊಸದನ್ನೂ ಅದು ಬೇಗ ತಿಂದುಹಾಕುತ್ತದೆ. ಹೊಸ ಚೈನ್ ಕೊಳ್ಳುವಾಗ ಎರಡು ಕೊಂಡಿ ಹೆಚ್ಚು ಉದ್ದದ್ದನ್ನು ತಂದರೆ, 15/47ಕ್ಕೆ ಆಕ್ಸಲ್, ಮೂಲ ಉದ್ದದ ಹೊಸ ಚೈನಿನಲ್ಲಿ 15/44ಕ್ಕೆ ನಿಲ್ಲುವ ಜಾಗಕ್ಕಿಂತ ಕೇವಲ 4 ಮಿಲಿಮೀಟರ್ ಹಿಂದೆ ನಿಲ್ಲುತ್ತದೆ. ಜಾಗವಿಲ್ಲ ಎಂಬ ಆಕ್ಷೇಪ ಅಲ್ಲಿಗೆ ಬಿದ್ದುಹೋಯಿತು.

ದೂರಪಯಣಿ:
ಹೊಸ ಚೈನ್ ಹೇಗೂ ಬೇಕು ಎಂದಾದರೆ ನನ್ನ ವಾದದ ಅರ್ಧ ಬಲ ಹೋಯಿತು, ಒಪ್ಪುತ್ತೇನೆ. ಆದರೂ ಕೇಳಿದವರು 120/80 ಟೈರನ್ನೂ 47 ಹಲ್ಲಿನ ಸ್ಪ್ರಾಕೆಟ್ಟನ್ನೂ ಒಟ್ಟಿಗೆ ಹಾಕಿದರೆ ಬದಲಾವಣೆ 10 ಶೇಕಡಾ ದಾಟುತ್ತದೆ. ಅರ್ಧ ಸವಾರಿ ಹೆದ್ದಾರಿಯಲ್ಲಿ ಮಾಡುವವರಿಗೆ ಅದು ವಿಪರೀತ.

ಐದನೇಗೇರ್:
ಟೈರ್ ಮೊದಲು ಬರಲಿ. ಒಂದು ತಿಂಗಳು ಅದರ ಮೇಲೆ ಏರಿ ನೋಡಿದ ಮೇಲೆ ಉಳಿದ ಕೊರತೆಯನ್ನು ಸ್ಪ್ರಾಕೆಟ್ಟಿನಿಂದ ತುಂಬಿಸಿಕೊಳ್ಳಲಿ.

ಕಲ್ಲುಹಾದಿ:
ಬಾಗಿದ ಹಲ್ಲುಗಳ ಮೇಲೆ ಒಂದು ತಿಂಗಳು ಕಾಯುವ ಧೈರ್ಯ ನನಗಿಲ್ಲ. ಆದರೆ ಹೆದ್ದಾರಿಯ ಮಾತು ಮನಸ್ಸಿಗೆ ನಾಟಿತು. ಟೈರನ್ನು 120/90ರಲ್ಲೇ ಉಳಿಸಿಕೊಂಡು, 15/47ನ್ನು ಎರಡು ಕೊಂಡಿ ಹೆಚ್ಚಿನ ಚೈನಿನೊಂದಿಗೆ ಹಾಕುತ್ತೇನೆ.

ಹಳೆಯ ಚೈನ್:
ಹಾಗಿದ್ದರೆ ಹಳೆಯ ಚೈನ್ ಬಿಚ್ಚುವ ಮೊದಲೇ ಹಿಂದಿನ ಬ್ರೇಕ್ ಒತ್ತಿಸಿ ಮುಂದಿನ ಸ್ಪ್ರಾಕೆಟ್ಟಿನ ನಟ್ಟನ್ನು ಸಡಿಲಿಸಿಕೊಳ್ಳಿ. ಚೈನ್ ತೆಗೆದ ಮೇಲೆ ಆ ಸ್ಪ್ರಾಕೆಟ್ ಕೂರುವ ಶಾಫ್ಟ್ ಹಿಡಿಯಲು ಆಧಾರವೇ ಇರುವುದಿಲ್ಲ. ನಟ್ಟಿನ ಕೆಳಗಿನ ಲಾಕ್ ವಾಷರನ್ನು ಹೊಸದಾಗಿ ಹಾಕಿ ಅಂಚನ್ನು ಮಡಚಿ. ಚೈನಿನ ಸಡಿಲವನ್ನು ಸರಿಹೊಂದಿಸಿದ ಮೇಲೆ ಯಾರನ್ನಾದರೂ ಗಾಡಿಯ ಮೇಲೆ ಭಾರವಾಗಿ ಕೂರಿಸಿ, ಶಾಫ್ಟ್, ಸ್ವಿಂಗ್‌ಆರ್ಮಿನ ಕೀಲು ಮತ್ತು ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗಲೂ ಚೈನಿನಲ್ಲಿ ಸ್ವಲ್ಪ ಆಟ ಉಳಿದಿದೆಯೇ ಎಂದು ಬೆರಳಿನಿಂದ ಎತ್ತಿ ನೋಡಿ.